ಗ್ರೇಡ್ 8ರವರೆಗೂ ಇದೇ ಸಾಕಾ, ಮಿಸ್?

ಪಿಯಾನೋ ಕಲಿಯುವ ಮಕ್ಕಳ ತಂದೆತಾಯಂದಿರಿಗೊಂದು ಬಹಿರಂಗ ಪತ್ರ

ಪ್ರಿಯ ಅಪ್ಪ ಅಮ್ಮಂದಿರೇ,

ದಸರಾ ಹತ್ತಿರವಾಯಿತೆಂದರೆ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ರಿಯಾಯಿತಿ ಶುರು. ಅದರ ಬೆನ್ನಿಗೇ ನನ್ನ ಫೋನಿಗೆ ನಿಮ್ಮ ಫೋಟೋಗಳು, ಲಿಂಕುಗಳು, ಧ್ವನಿ ಸಂದೇಶಗಳು. ಪ್ರಶ್ನೆ ಮಾತ್ರ ಎಲ್ಲರದೂ ಒಂದೇ: "ಐವತ್ತು ಸಾವಿರದ ಆಸುಪಾಸಿಗೆ ಈ ಡಿಜಿಟಲ್ ಪಿಯಾನೋ ಸಿಗ್ತಿದೆ ಮಿಸ್. ಒಂದ್ಸಲ ತಗೊಂಡ್ರೆ ಗ್ರೇಡ್ 8ರವರೆಗೂ ಇದೇ ಸಾಕಾಗುತ್ತಾ?" ಒಬ್ಬೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಸೇರಿಸಿ ಒಮ್ಮೆ ಸಾವಕಾಶವಾಗಿ ಬರೆಯೋಣ ಅನ್ನಿಸಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಿಯಾನೋ ಪರೀಕ್ಷೆಗಳ ಗ್ರೇಡ್ 8ರವರೆಗೆ ಅದು ಸಾಕಾಗುವುದಿಲ್ಲ. ಆದರೂ ಅದನ್ನೇ ಕೊಳ್ಳಿ. ಈ ಎರಡು ಮಾತಿಗೂ ಜಗಳವಿಲ್ಲ ಎಂದು ತೋರಿಸಲಿಕ್ಕೇ ಮುಂದಿನದೆಲ್ಲ ಬರೆಯುತ್ತಿದ್ದೇನೆ.

ಅಂಗಡಿಯವರು ನಿಮಗೆ ತೋರಿಸುವುದು ಏನನ್ನು? ಎಷ್ಟು ಬಗೆಯ ದನಿ ಇದೆ, ಎಷ್ಟು ತಾಳ ಇದೆ, ಬ್ಲೂಟೂತ್ ಇದೆಯೋ ಇಲ್ಲವೋ. ಹತ್ತು ವರ್ಷ ಕಲಿಯುವ ಮಗುವಿಗೆ ಇವು ಯಾವುವೂ ಮುಖ್ಯವಲ್ಲ. ಮುಖ್ಯವಾದದ್ದು ಒಂದೇ. ಬೆರಳು ಒತ್ತಿದಾಗ ಕೀ ಹೇಗೆ ಕೆಳಗಿಳಿಯುತ್ತದೆ, ಬಿಟ್ಟಾಗ ಹೇಗೆ ಮೇಲೇಳುತ್ತದೆ. ಇದಕ್ಕೆ ಪಿಯಾನೋ ನುಡಿಸುವವರು ಆಕ್ಷನ್ ಅನ್ನುತ್ತಾರೆ. ದನಿ ಇಷ್ಟವಾಗದಿದ್ದರೆ ಒಳ್ಳೆಯ ಹೆಡ್‌ಫೋನ್ ಹಾಕಬಹುದು, ಹೊರಗಿನ ಸ್ಪೀಕರ್ ಜೋಡಿಸಬಹುದು. ಆಕ್ಷನ್ ಮಾತ್ರ ಕೊಂಡ ದಿನ ಬಂದದ್ದೇ, ಕೊನೆಯವರೆಗೂ ಅದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ, ಮೆದಿಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಎಂಬ ವಾದ್ಯ ತಯಾರಕ ಮೊದಲ ಪಿಯಾನೋ ಮಾಡಿದ. ಅದಕ್ಕೂ ಮೊದಲಿದ್ದ ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ. ಕ್ರಿಸ್ಟೊಫೊರಿ ಮೀಟುವ ಬದಲು ಸುತ್ತಿಗೆಯಿಂದ ಬಡಿಸಿದ. ಬರೀ ಬಡಿಸಿದ್ದರೆ ಸುತ್ತಿಗೆ ತಂತಿಗೆ ಅಂಟಿಕೊಂಡು ನಾದವನ್ನೇ ನುಂಗಿಹಾಕುತ್ತಿತ್ತು. ಆದ್ದರಿಂದ ಸುತ್ತಿಗೆ ತಂತಿಯನ್ನು ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ ಕೀಯಿಂದ ಅದರ ಹಿಡಿತ ತಪ್ಪುವ ಹಾಗೆ ಮಾಡಿದ. ಅಲ್ಲಿಂದ ಮುಂದಕ್ಕೆ ಸುತ್ತಿಗೆ ತನ್ನ ಪಾಡಿಗೆ ಹಾರಿ ತಂತಿಗೆ ಬಡಿದು ವಾಪಸು ಬೀಳುತ್ತದೆ. ಅಂದರೆ ನಿಮ್ಮ ಮಗು ಪಿಯಾನೋದಲ್ಲಿ ಬಡಿಯುವುದಿಲ್ಲ, ಎಸೆಯುತ್ತದೆ. ಎಸೆದ ಮೇಲೆ ಬೆರಳಿಗೆ ಆ ಸ್ವರದ ಮೇಲೆ ಅಧಿಕಾರವಿಲ್ಲ. ಎಷ್ಟು ವೇಗದಿಂದ ಎಸೆದೆವು ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಪಿಯಾನೋ ಕಲಿಕೆಯ ಮುಕ್ಕಾಲು ಪಾಲು ಈ ಎಸೆತದ ಮೇಲಿನ ಹತೋಟಿ.

ಹಾರ್ಮೋನಿಯಂ ಕಲಿತು ಪಿಯಾನೋಗೆ ಬರುವ ಮಕ್ಕಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರಿಗೆ ಬಿಳಿ ಮನೆ ಕಪ್ಪು ಮನೆಗಳ ಲೆಕ್ಕ ಬಾಯಿಪಾಠ. ಯಾವ ಶ್ರುತಿಗೆ ಯಾವ ಮನೆ ಎಂದು ನನಗಿಂತ ಬೇಗ ಹೇಳುತ್ತಾರೆ. ಆದರೆ ಹಾರ್ಮೋನಿಯಮ್ಮಿನಲ್ಲಿ ದನಿಯ ಏರಿಳಿತ ಇರುವುದು ತಿದಿಯೊತ್ತುವ ಎಡಗೈಯಲ್ಲಿ. ಬೆರಳಿಗೆ ಆ ಜವಾಬ್ದಾರಿಯೇ ಇಲ್ಲ. ಹಾಗಾಗಿ ಆ ಮಕ್ಕಳು ಮೊದಮೊದಲು ಪಿಯಾನೋ ಕೀಯನ್ನು ಒತ್ತಿ ಸುಮ್ಮನಾಗುತ್ತಾರೆ. ತಾಳದ ಪೆಟ್ಟಿಗೆಯಂತಹ 61 ಕೀಯ ಹಗುರ ಕೀಬೋರ್ಡಿನಲ್ಲಿ ಶುರುಮಾಡಿದ ಮಕ್ಕಳದೂ ಇದೇ ಪಾಡು. ಆ ಕೀಗಳ ಕೆಳಗಿರುವುದು ಸ್ಪ್ರಿಂಗ್ ಮಾತ್ರ. ಎಸೆಯಲಿಕ್ಕೆ ಅಲ್ಲಿ ಸುತ್ತಿಗೆಯೇ ಇಲ್ಲ.

ಇಲ್ಲೊಂದು ಮಾತು. 61 ಕೀ ಎಂಬ ಸಂಖ್ಯೆಯನ್ನು ಹೀಗಳೆಯಬೇಡಿ. ಮೊಜಾರ್ಟ್ ಕೊಂಡುಕೊಂಡಿದ್ದ, ವಾಲ್ಟರ್ ಎಂಬ ತಯಾರಕನ ಪಿಯಾನೋದಲ್ಲಿ ಇದ್ದದ್ದೂ ಐದು ಸಪ್ತಕ, 61 ಕೀಗಳೇ. ಆದರೆ ಅದರೊಳಗೆ ಸುತ್ತಿಗೆಗಳಿದ್ದವು. ಇದೇ ಮೊಜಾರ್ಟ್ 1777ರ ಅಕ್ಟೋಬರಿನಲ್ಲಿ ಆಗ್ಸ್‌ಬರ್ಗ್‌ನಿಂದ ತನ್ನ ಅಪ್ಪನಿಗೆ ಬರೆದ ಕಾಗದದಲ್ಲಿ ಸ್ಟೈನ್ ಎಂಬಾತ ಮಾಡಿದ ಪಿಯಾನೋಗಳನ್ನು ಹೊಗಳಿದ್ದಾನೆ. ಹೊಗಳಿದ್ದು ಮುಖ್ಯವಾಗಿ ಸುತ್ತಿಗೆ ಸಕಾಲಕ್ಕೆ ಹಿಡಿತ ತಪ್ಪಿಸಿಕೊಳ್ಳುವ ಆ ಕುಶಲತೆಯನ್ನು. ಇಪ್ಪತ್ತೊಂದರ ಹುಡುಗ ಅಪ್ಪನಿಗೆ ಊರ ಸುದ್ದಿ ಬರೆಯುವಾಗ ಆಕ್ಷನ್ ಬಗ್ಗೆ ಅಷ್ಟುದ್ದ ಬರೆದನೆಂದರೆ, ನಾನು ನಿಮ್ಮ ತಲೆ ತಿನ್ನುತ್ತಿರುವುದು ತೀರಾ ಅನ್ಯಾಯವಲ್ಲ.

ಇನ್ನು ಡಿಜಿಟಲ್ ಪಿಯಾನೋ. ಅದರೊಳಗೆ ತಂತಿಯಿಲ್ಲ. ಆದರೂ ಹ್ಯಾಮರ್ ಆಕ್ಷನ್ ಎಂದು ಬರೆದಿರುವ ವಾದ್ಯಗಳಲ್ಲಿ ಪ್ರತಿ ಕೀಗೂ ಒಂದು ತೂಕದ ತೋಳು ಇದೆ. ಕೀ ಕೆಳಗಿಳಿದರೆ ಅದು ಮೇಲೇಳುತ್ತದೆ. ಅದರ ಕೆಲಸ ಬೆರಳಿಗೆ ಸುತ್ತಿಗೆಯ ಭಾರ ತಿಳಿಸುವುದಷ್ಟೇ, ದನಿಗೂ ಅದಕ್ಕೂ ನೇರ ಸಂಬಂಧವಿಲ್ಲ. ದನಿ ಹುಟ್ಟಿಸುವುದು ಸಂವೇದಕಗಳು. ಕೀ ಇಳಿಯುವ ದಾರಿಯಲ್ಲಿ ಎರಡು ಕಡೆ ಒಂದೊಂದು ಸಂಪರ್ಕ ಇರುತ್ತದೆ. ಮೊದಲನೆಯದನ್ನು ದಾಟಿ ಎರಡನೆಯದನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು 1ರಿಂದ 127ರೊಳಗಿನ ಒಂದು ಅಂಕಿಯಾಗಿಸಿ, ಅದಕ್ಕೆ ತಕ್ಕ ದನಿಯನ್ನು ಹೊರಗೆ ಬಿಡುತ್ತದೆ. ನಿಜವಾದ ಪಿಯಾನೋ ಕೇಳುವುದೂ ವೇಗವನ್ನೇ, ಡಿಜಿಟಲ್ ಅಳೆಯುವುದೂ ವೇಗವನ್ನೇ. ಮೂಲ ತತ್ವದಲ್ಲಿ ಮೋಸವಿಲ್ಲ. ಅದಕ್ಕಾಗಿಯೇ ಕೊಳ್ಳಿ ಅಂದೆ.

ನಿಮ್ಮಲ್ಲಿ ಹಲವರು ಕೀ ಭಾರವಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೀರಿ. "ಬೆರಳು ಗಟ್ಟಿಯಾಗಲಿ" ಅನ್ನುತ್ತೀರಿ. ಇದು ವ್ಯಾಯಾಮಶಾಲೆಯ ಮಾತು. ಸರಿಯಾಗಿ ಹೊಂದಿಸಿದ ಪಿಯಾನೋದ ಮಧ್ಯದ ಕೀಗಳು ಸುಮಾರು 50 ಗ್ರಾಂ ತೂಕಕ್ಕೆ ತಾವಾಗಿ ಇಳಿಯುತ್ತವೆ. ಮಂದ್ರದ ಕಡೆ ಸ್ವಲ್ಪ ಹೆಚ್ಚು, ತಾರದ ಕಡೆ ಸ್ವಲ್ಪ ಕಡಿಮೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಮ್ಮ ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ. ಬಲಗಡೆ ಪೆಡಲ್ ಒತ್ತಿಹಿಡಿದು ಬಿಳಿ ಕೀಯ ತುದಿಯ ಮೇಲೆ ಒಂದರ ಮೇಲೊಂದು ನಾಣ್ಯ ಇಡುತ್ತ ಹೋಗಿ. ಒಳ್ಳೆಯ ಪಿಯಾನೋದಲ್ಲಿ ಆರೇಳು ನಾಣ್ಯಕ್ಕೆ ಕೀ ನಿಧಾನವಾಗಿ ಇಳಿಯುತ್ತದೆ. ಅಗ್ಗದ ಡಿಜಿಟಲ್ಲಿನಲ್ಲಿ ಇನ್ನೂ ಒಂದೆರಡು ಬೇಕಾಗಬಹುದು. ಏಳೆಂಟು ವರ್ಷದ ಮಗುವಿಗೆ ಆ ಹೆಚ್ಚುವರಿ ಭಾರದಿಂದ ಲಾಭವಿಲ್ಲ. ಮುಂಗೈ ಬಿಗಿಯುತ್ತದೆ, ಭುಜ ಮೇಲೇರುತ್ತದೆ, ಅದನ್ನು ಬಿಡಿಸಲು ನನಗೆ ಆರು ತಿಂಗಳು ಬೇಕು.

ನಾಣ್ಯ ಹೇಳದ ಸಂಗತಿಯೂ ಇದೆ. ನಾಣ್ಯ ಅಳೆಯುವುದು ನಿಂತ ಕೀಯ ಭಾರವನ್ನು. ವೇಗವಾಗಿ ನುಡಿಸುವಾಗ ಬೆರಳು ಎದುರಿಸುವುದು ಚಲಿಸಬೇಕಾದ ತೋಳಿನ ಜಡತೆಯನ್ನು. ಒಂದೇ ಸಂಖ್ಯೆಯ ನಾಣ್ಯಕ್ಕೆ ಇಳಿಯುವ ಎರಡು ವಾದ್ಯಗಳಲ್ಲಿ ಒಂದು ಬೆರಳಿಗೆ ಹಗುರ, ಇನ್ನೊಂದು ಕೆಸರಿನಲ್ಲಿ ಇಳಿದಂತೆ ಅನ್ನಿಸುವುದು ಇದರಿಂದಲೇ. ಆದ್ದರಿಂದ ನಾಣ್ಯದ ಪರೀಕ್ಷೆಯನ್ನು ಮಕ್ಕಳ ಜೊತೆ ಆಟಕ್ಕೆ ಮಾಡಿ, ಅದೊಂದನ್ನೇ ನಂಬಿ ಹಣ ಕೊಡಬೇಡಿ.

ಕೊಳ್ಳುವವರು ಯಾರೂ ಕೇಳದ, ಅಂಗಡಿಯವರು ಯಾರೂ ಹೇಳದ ವಿಷಯಕ್ಕೆ ಈಗ ಬರುತ್ತೇನೆ. ನಮಗೆ ಕಾಣುವ ಬಿಳಿ ಕೀಯ ಉದ್ದ ಸುಮಾರು 15 ಸೆಂಟಿಮೀಟರ್. ಆದರೆ ಕೀ ಅಲ್ಲಿಗೇ ಮುಗಿಯುವುದಿಲ್ಲ, ಪೆಟ್ಟಿಗೆಯ ಒಳಗೂ ಹೋಗಿರುತ್ತದೆ. ಒಳಗೆ ಎಲ್ಲೋ ಒಂದು ಕಡೆ ಅದಕ್ಕೆ ಆನಿಕೆ ಇದೆ. ಬಾವಿಯ ಏತವನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆನಿಕೆಯಿಂದ ದೂರ ಹಿಡಿದರೆ ಏತ ಸಲೀಸಾಗಿ ಬಗ್ಗುತ್ತದೆ, ಹತ್ತಿರ ಹಿಡಿದರೆ ಜೋತುಬಿದ್ದರೂ ಅಲ್ಲಾಡುವುದಿಲ್ಲ. ದೊಡ್ಡ ಗ್ರ್ಯಾಂಡ್ ಪಿಯಾನೋದಲ್ಲಿ ಕೀಯ ತುದಿಯಿಂದ ಆನಿಕೆಗೆ 24 ಸೆಂಟಿಮೀಟರಿನ ಆಸುಪಾಸು ಅಂತರ. 11-12 ಕಿಲೋ ತೂಗುವ, ಕಪಾಟಿನ ಮೇಲೆ ಎತ್ತಿಡಬಹುದಾದ ಡಿಜಿಟಲ್ಲಿನಲ್ಲಿ ಅಷ್ಟು ಉದ್ದದ ಕೀಗೆ ಜಾಗವೆಲ್ಲಿ? ಮಾಡೆಲ್ಲಿನಿಂದ ಮಾಡೆಲ್ಲಿಗೆ ಬದಲಾಗುತ್ತದೆ. ಲೆಕ್ಕಕ್ಕೆ 18 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ.

ಈಗ ಮಗು ಬಿಳಿ ಕೀಯ ತುದಿಯಲ್ಲಿ ಒತ್ತದೆ, 10 ಸೆಂಟಿಮೀಟರ್ ಒಳಗೆ, ಎರಡು ಕಪ್ಪು ಕೀಗಳ ನಡುವಿನ ಸಂದಿಯಲ್ಲಿ ಒತ್ತಿತು ಅನ್ನಿ. ಗ್ರ್ಯಾಂಡಿನಲ್ಲಿ ಆನಿಕೆಗೆ ಇನ್ನೂ 14 ಸೆಂಟಿಮೀಟರ್ ಉಳಿದಿದೆ. ತುದಿಯಲ್ಲಿ ಬೇಕಾಗುತ್ತಿದ್ದ ಬಲದ ಸುಮಾರು 1.7 ಪಟ್ಟು ಸಾಕು. ಚಿಕ್ಕ ಕೀಯಲ್ಲಿ ಉಳಿದದ್ದು 8 ಸೆಂಟಿಮೀಟರ್ ಮಾತ್ರ, ಬೇಕಾದದ್ದು 2.25 ಪಟ್ಟು ಬಲ. ಜೊತೆಗೆ ತುದಿಯಲ್ಲಿ 10 ಮಿಲಿಮೀಟರ್ ಇಳಿಯುವ ಕೀ ಅಲ್ಲಿ ಇಳಿಯುವುದು ನಾಲ್ಕೂವರೆ ಮಿಲಿಮೀಟರಿಗೂ ಕಡಿಮೆ. ಬಲ ಎರಡು ಪಟ್ಟಿಗಿಂತ ಹೆಚ್ಚು, ದಾರಿ ಅರ್ಧಕ್ಕಿಂತ ಕಡಿಮೆ. ಇಷ್ಟರಲ್ಲಿ ಮೆಲುದನಿಯನ್ನು ಹದವಾಗಿ ನುಡಿಸು ಎಂದು ನಾನು ಮಗುವಿಗೆ ಹೇಳುತ್ತಿರುತ್ತೇನೆ.

ಮೊದಲ ಮೂರ್ನಾಲ್ಕು ವರ್ಷ ಇದು ಕಾಡುವುದಿಲ್ಲ. ಸಿ ಮೇಜರ್, ಜಿ ಮೇಜರ್, ಎಫ್ ಮೇಜರ್‌ಗಳಲ್ಲಿ ಬೆರಳುಗಳು ಹೆಚ್ಚಾಗಿ ಕೀಗಳ ಹೊರ ತುದಿಯಲ್ಲೇ ಓಡಾಡಿಕೊಂಡಿರುತ್ತವೆ. ಕ್ಲೆಮೆಂಟಿಯ ಸೊನಾಟಿನಾಗಳು, ಬುರ್ಗ್‌ಮ್ಯುಲ್ಲರನ 25 ಸಣ್ಣ ಅಭ್ಯಾಸ ಕೃತಿಗಳು, ಎಲ್ಲರ ಮೆಚ್ಚಿನ ಫ್ಯೂರ್ ಎಲೀಸ್, ಎಲ್ಲವೂ ಅಗ್ಗದ ಹ್ಯಾಮರ್ ಆಕ್ಷನ್ನಿನಲ್ಲಿ ಚೆನ್ನಾಗಿಯೇ ಬರುತ್ತವೆ. ಇವು ಬರಲಿಲ್ಲವೆಂದರೆ ವಾದ್ಯವನ್ನು ದೂರಬೇಡಿ, ಅಭ್ಯಾಸ ಎಷ್ಟಾಯಿತು ನೋಡಿ.

ತೊಂದರೆ ಶುರುವಾಗುವುದು ಬೀಥೋವನ್‌ನ ಮೂನ್‌ಲೈಟ್ ಸೊನಾಟಾದ ಮೊದಲ ಭಾಗದಂಥ ಜಾಗದಲ್ಲಿ. ಕೇಳಲು ಸುಲಭ, ಸ್ವರಗಳೂ ಕಡಿಮೆ. ನಿಮ್ಮ ಮಕ್ಕಳು ಯೂಟ್ಯೂಬ್ ನೋಡಿ ಗ್ರೇಡ್ 3ರಲ್ಲೇ ಅದನ್ನು ಬೇಡುತ್ತಾರೆ. ಅದು ಸಿ ಶಾರ್ಪ್ ಮೈನರ್, ನಾಲ್ಕು ಶಾರ್ಪುಗಳ ಕೃತಿ. ಬಲಗೈ ಸದಾ ಕಪ್ಪು ಕೀಗಳ ಮೇಲೆ ಕುಳಿತಿರುತ್ತದೆ, ನಡುವೆ ಬರುವ ಬಿಳಿ ಸ್ವರಗಳನ್ನು ಒಳಗಡೆಯೇ ಒತ್ತಬೇಕು. ಕೆಳಗಿನ ಮೂರು ಮೂರು ಸ್ವರಗಳ ಅಲೆ ಕೇಳಿಸಿಯೂ ಕೇಳಿಸದಂತಿರಬೇಕು, ಅದೇ ಕೈಯ ಕಿರುಬೆರಳು ಮೇಲೆ ರಾಗವನ್ನು ಹಾಡಬೇಕು. ಒಂದೇ ಕೈಯೊಳಗೆ ಎರಡು ತೂಕ. ಅದನ್ನು ಕಲಿಸುವಾಗ ಬಿಳಿ ಕೀ ಒಳಗಡೆ ಎರಡು ಪಟ್ಟು ಭಾರವಾದರೆ ಅಲೆಯಲ್ಲಿ ಒಂದು ಸ್ವರ ಮುಳುಗುತ್ತದೆ, ಮುಂದಿನದು ಚಿಮ್ಮುತ್ತದೆ. ಮಗು ತನ್ನ ಬೆರಳನ್ನು ಬೈದುಕೊಳ್ಳುತ್ತದೆ. ತಪ್ಪು ಬೆರಳಿನದ್ದಲ್ಲ. ನಾನು ಗ್ರೇಡ್ 8ರವರೆಗೆ ಸಾಕಾಗುವುದಿಲ್ಲ ಎಂದದ್ದು ಇದಕ್ಕೆ.

ಇಲ್ಲೊಂದು ತಮಾಷೆ ಇದೆ. ಶೋಪ್ಯಾನ್ ತನ್ನ ಶಿಷ್ಯರಿಗೆ ಸ್ಕೇಲುಗಳನ್ನು ಸಿ ಮೇಜರ್‌ನಿಂದ ಶುರು ಮಾಡಿಸುತ್ತಿರಲಿಲ್ಲ, ಐದು ಕಪ್ಪು ಕೀಗಳಿರುವ ಬಿ ಮೇಜರ್‌ನಿಂದ ಮಾಡಿಸುತ್ತಿದ್ದ. ಉದ್ದದ ಬೆರಳುಗಳು ಕಪ್ಪು ಕೀಗಳ ಮೇಲೆ, ಗಿಡ್ಡ ಹೆಬ್ಬೆರಳು ಬಿಳಿಯ ಮೇಲೆ. ಕೈಯ ಆಕಾರಕ್ಕೆ ಅದೇ ಸಹಜ. ನನಗೂ ಹಾಗೆ ಕಲಿಸಲು ಇಷ್ಟ. ಮನೆಯಲ್ಲಿ ಚಿಕ್ಕ ಕೀಯ ಡಿಜಿಟಲ್ ಇರುವ ಮಗುವಿಗೆ ಆ ಕ್ರಮ ಅಷ್ಟು ಸಹಜವಾಗಿ ಒಗ್ಗುವುದಿಲ್ಲ. ಅಂದರೆ ನೀವು ಕೊಂಡ ವಾದ್ಯ ನನ್ನ ಪಾಠದ ಕ್ರಮವನ್ನೂ ಸ್ವಲ್ಪ ಬದಲಿಸುತ್ತದೆ.

ಎರಡನೆಯ ಮಿತಿ, ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸುವುದು. ಎರಡೇ ಸಂಪರ್ಕಗಳಿರುವ ಆಕ್ಷನ್ನಿನಲ್ಲಿ ಕೀ ಹೆಚ್ಚುಕಡಿಮೆ ಪೂರ್ತಿ ಮೇಲೆ ಬರುವವರೆಗೆ ಯಂತ್ರ ಮುಂದಿನ ಹೊಡೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಮೂರು ಸಂಪರ್ಕಗಳಿದ್ದರೆ ಅರ್ಧ ಮೇಲೆದ್ದ ಕೀಯನ್ನು ಮತ್ತೆ ಒತ್ತಿದರೂ ಸ್ವರ ಬರುತ್ತದೆ. ಇದೇ ಸಮಸ್ಯೆಯನ್ನು ತಂತಿಯ ಪಿಯಾನೋದಲ್ಲಿ ಬಗೆಹರಿಸಿದವನು ಪ್ಯಾರಿಸ್ಸಿನ ಸೆಬಾಸ್ಟಿಯನ್ ಎರಾರ್. 1821ರಲ್ಲಿ ಪೇಟೆಂಟ್ ಆದ ಅವನ ವ್ಯವಸ್ಥೆಯೇ ಇವತ್ತಿನ ಗ್ರ್ಯಾಂಡ್ ಪಿಯಾನೋಗಳ ಒಳಗಿರುವುದು. ಗೋಡೆಗೆ ತಾಗಿಸಿಡುವ ಅಪ್‌ರೈಟ್ ಪಿಯಾನೋಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಈ ಒಂದು ವಿಷಯದಲ್ಲಿ ಮೂರು ಸಂಪರ್ಕದ ಸಾಧಾರಣ ಡಿಜಿಟಲ್ ಒಂದು, ಲಕ್ಷಾಂತರ ಬೆಲೆಯ ಅಪ್‌ರೈಟಿಗೆ ಸಡ್ಡು ಹೊಡೆಯಬಲ್ಲದು. ನಂಬುವುದು ಕಷ್ಟ, ಆದರೆ ನಿಜ.

ಹೆಸರು ಹಿಡಿದು ಹೇಳಿ ಮಿಸ್ ಅನ್ನುತ್ತೀರಿ, ಹೇಳುತ್ತೇನೆ. ಯಮಾಹಾದ ಪಿ-45ರಲ್ಲಿದ್ದದ್ದು ಜಿ.ಎಚ್.ಎಸ್. ಎಂಬ ಆಕ್ಷನ್, ಎರಡು ಸಂಪರ್ಕದ್ದು. 2023ರಲ್ಲಿ ಅದರ ಜಾಗಕ್ಕೆ ಬಂದ ಪಿ-145ರಲ್ಲಿ ಇನ್ನೂ ಚಿಕ್ಕ ಪೆಟ್ಟಿಗೆಗಾಗಿ ಮಾಡಿದ ಜಿ.ಎಚ್.ಸಿ. ಇದೆ. ರೋಲ್ಯಾಂಡ್ ಎಫ್‌ಪಿ-10ರಲ್ಲಿರುವುದು ಪಿ.ಎಚ್.ಎ.-4, ಮೂರು ಸಂಪರ್ಕದ್ದು. ಸುತ್ತಿಗೆ ಹಿಡಿತ ತಪ್ಪುವಾಗಿನ ಆ ಸಣ್ಣ ಮಿಡಿತವನ್ನೂ ಅದು ಅನುಕರಿಸುತ್ತದೆ. ಅದೇ ಆಕ್ಷನ್ ಅವರ ಇನ್ನೂ ಹೆಚ್ಚು ಬೆಲೆಯ ಎಫ್‌ಪಿ-30ಎಕ್ಸ್‌ನಲ್ಲೂ ಇದೆ. ಕವಾಯ್ ಇಎಸ್120, ಕ್ಯಾಸಿಯೋ ಸಿಡಿಪಿ-ಎಸ್110 ಇವೂ ಈ ವರ್ಗದವೇ. ಎಲ್ಲವೂ 88 ಕೀ, ಎಲ್ಲವೂ ನಿಜವಾದ ಹ್ಯಾಮರ್ ಆಕ್ಷನ್. ಕಾಗದದ ಮೇಲೆ ಕಲಿಕೆಗೆ ಹೆಚ್ಚು ದೂರ ಬರುವುದು ರೋಲ್ಯಾಂಡಿನದು ಎಂದು ನನ್ನ ಅಭಿಪ್ರಾಯ. ಆದರೆ ಅದರ ಸ್ಪರ್ಶ ಕೆಲವು ಚಿಕ್ಕ ಮಕ್ಕಳಿಗೆ ಭಾರ ಅನ್ನಿಸುತ್ತದೆ, ಅವರಿಗೆ ಯಮಾಹಾ ಹಿತ. ಇವುಗಳಲ್ಲಿ ಯಾವುದನ್ನು ಕೊಂಡರೂ ಗ್ರೇಡ್ 5ರವರೆಗೆ ನಾನು ತಕರಾರು ಮಾಡುವುದಿಲ್ಲ. ತಕರಾರು ಇರುವುದು ಸೆಮಿ-ವೇಟೆಡ್ ಅಥವಾ ಟಚ್ ಸೆನ್ಸಿಟಿವ್ ಎಂದಷ್ಟೇ ಬರೆದಿರುವ ವಾದ್ಯಗಳ ಬಗ್ಗೆ. ಅವು ವೇಗವನ್ನು ಅಳೆಯುತ್ತವೆ, ನಿಜ, ಆದರೆ ಬೆರಳಿಗೆ ಎಸೆಯಲು ಏನನ್ನೂ ಕೊಡುವುದಿಲ್ಲ. ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಎಂಬುದು ಪಿಯಾನೋದಿಂದ ಬೇರೆಯೇ ಆದ ವಿಷಯ, ಬೇರೆಯೇ ಪಠ್ಯ. ನಿಮ್ಮ ಮಗುವಿಗೆ ಅದು ಬೇಕಿದ್ದರೆ ಧಾರಾಳವಾಗಿ ಕಲಿಯಲಿ, ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಅದೇ ದಾರಿ. ಕೀಬೋರ್ಡಿನ ಮೇಲೆ ಕೂತು ಪಿಯಾನೋ ಗ್ರೇಡ್ ಕಟ್ಟುವುದು ಮಾತ್ರ ಬೇಡ.

ಅಂಗಡಿಗೆ ಹೋದಾಗ ಮಾಡಬೇಕಾದದ್ದು ಇಷ್ಟು. ಮೊದಲು ವಾದ್ಯವನ್ನು ಆಫ್ ಮಾಡಿಸಿ. ದನಿ ಇದ್ದರೆ ಕಿವಿ ಬೆರಳಿಗೆ ಸುಳ್ಳು ಹೇಳುತ್ತದೆ. ಬಿಳಿ ಕೀಯನ್ನು ತುದಿಯಲ್ಲೊಮ್ಮೆ, ಕಪ್ಪು ಕೀಗಳ ಮಧ್ಯದ ಸಂದಿಯಲ್ಲೊಮ್ಮೆ ಒತ್ತಿ, ವ್ಯತ್ಯಾಸ ನೋಡಿ. ಕೀ ತಳ ಮುಟ್ಟುವಾಗ ಮರಕ್ಕೆ ಗುದ್ದಿದಂತೆ ಕಟ್ ಎನ್ನುತ್ತದೆಯೋ, ಮೆತ್ತೆಗೆ ತಾಗಿದಂತಿದೆಯೋ ಗಮನಿಸಿ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದು ಎರಡು ಪಟ್ಟು ಮುಖ್ಯ. ಹೆಡ್‌ಫೋನ್ ಹಾಕಿದ ಮಗುವಿಗೆ ಸಂಗೀತ ಕೇಳುತ್ತದೆ, ಕೆಳಗಿನ ಮನೆಯವರಿಗೆ ಕುಟ್ಟುವ ಸದ್ದು. ಸ್ಟ್ಯಾಂಡಿನ ಕೆಳಗೊಂದು ದಪ್ಪ ರಬ್ಬರ್ ಚಾಪೆ ಹಾಸಿದರೆ ಅರ್ಧ ಜಗಳ ತಪ್ಪುತ್ತದೆ. ಆಮೇಲೆ ಆನ್ ಮಾಡಿ, ಒಂದು ಸ್ವರವನ್ನು ಎಷ್ಟು ಮೆಲ್ಲಗೆ ನುಡಿಸಲು ಸಾಧ್ಯ ನೋಡಿ. ಜೋರಾಗಿ ನುಡಿಸಲು ಎಲ್ಲ ವಾದ್ಯಕ್ಕೂ ಬರುತ್ತದೆ.

ಆಕ್ಷನ್ನಿಗಿಂತ ಹೆಚ್ಚಾಗಿ ನಿಮ್ಮ ಮಕ್ಕಳ ಕೈ ಕೆಡಿಸುತ್ತಿರುವುದು ದನಿಯ ಗುಂಡಿ. ಇದನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಳ್ಳಿ. ಸಂಜೆ ಟಿವಿ ನಡೆಯುತ್ತಿರುತ್ತದೆ, ಅಜ್ಜನಿಗೆ ವಾರ್ತೆ ಕೇಳಬೇಕು, "ಸೌಂಡ್ ಕಮ್ಮಿ ಮಾಡು ಪುಟ್ಟಾ" ಅನ್ನುತ್ತೀರಿ. ಮಗು ಗುಂಡಿ ತಿರುಗಿಸುತ್ತದೆ. ಈಗ ತನ್ನ ನುಡಿಸಾಣಿಕೆ ತನಗೇ ಕೇಳಬೇಕೆಂದರೆ ಕೀಗಳನ್ನು ಕುಟ್ಟಬೇಕು. ಇನ್ನೊಂದು ಮನೆಯಲ್ಲಿ ಗುಂಡಿ ಸದಾ ತುದಿಯಲ್ಲಿರುತ್ತದೆ. ಆ ಮಗು ಹೆದರಿ ಹೆದರಿ ಕೀ ಸವರುತ್ತದೆ. ಇಬ್ಬರು ಮಕ್ಕಳೂ ಪರೀಕ್ಷೆಯ ಹಾಲಿನಲ್ಲಿ ನಿಜವಾದ ಪಿಯಾನೋ ಮುಂದೆ ಕೂತಾಗ ಒಬ್ಬರದು ಸಿಡಿಲು, ಇನ್ನೊಬ್ಬರದು ಪಿಸುಮಾತು. ಪಿಯಾನೋಗೆ ದನಿಯ ಗುಂಡಿ ಇಲ್ಲ ಎಂಬುದನ್ನು ಅವರು ಅಲ್ಲಿ, ಪರೀಕ್ಷಕರ ಎದುರು ಕಂಡುಕೊಳ್ಳುತ್ತಾರೆ. ಆದ್ದರಿಂದ ಗುಂಡಿಯನ್ನು ಒಂದು ಕಡೆ ಇಟ್ಟು ಅಲ್ಲೊಂದು ಸ್ಟಿಕ್ಕರ್ ಅಂಟಿಸಿ. ಹೆಡ್‌ಫೋನಿಗೆ ಬೇರೆ ಗುರುತು. ಬದಲಿಸುವ ಹಕ್ಕು ಮನೆಯಲ್ಲಿ ಯಾರಿಗೂ ಬೇಡ, ಅಜ್ಜನಿಗೂ. ಸ್ಪರ್ಶದ ಸೆಟ್ಟಿಂಗ್ ಸಾಫ್ಟ್, ಮೀಡಿಯಂ, ಹಾರ್ಡ್ ಎಂದಿರುತ್ತದಲ್ಲ, ಅದನ್ನೂ ಮೀಡಿಯಮ್ಮಿನಲ್ಲೇ ಬಿಡಿ.

ಪೆಡಲ್ ಬಗ್ಗೆ ಚಿಕ್ಕದಾಗಿ. ಈ ವಾದ್ಯಗಳಲ್ಲಿ ಹೆಚ್ಚಿನವುಗಳ ಜೊತೆಗೆ ಬರುವ ಚೌಕದ ಪೆಡಲ್ ಕೇವಲ ಸ್ವಿಚ್ಚು, ಅದಕ್ಕೆ ಇದೆ ಅಥವಾ ಇಲ್ಲ ಎರಡೇ ಗೊತ್ತು. ನೆಲದ ಮೇಲೆ ಜಾರುತ್ತದೆ ಕೂಡ. ಗ್ರೇಡ್ 4ರ ಹೊತ್ತಿಗೆ ಅರ್ಧ ಪೆಡಲ್ ಗುರುತಿಸಬಲ್ಲದ್ದನ್ನು ಬೇರೆಯಾಗಿ ಕೊಳ್ಳಿ. ಅಲುಗಾಡುವ ಎಕ್ಸ್ ಸ್ಟ್ಯಾಂಡ್ ಬೇಡ. ಕೂರಲು ಊಟದ ಮೇಜಿನ ಕುರ್ಚಿ ಬೇಡ, ಎತ್ತರ ಬದಲಿಸಬಹುದಾದ ಬೆಂಚು ಬೇಕು. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಪಾದಕ್ಕೆ ನೆಲವೋ ಮಣೆಯೋ ಸಿಗಬೇಕು. ಆಕ್ಷನ್ ಎಷ್ಟೇ ಒಳ್ಳೆಯದಿರಲಿ, ಕುರ್ಚಿ ತಗ್ಗಾಗಿದ್ದರೆ ಮಣಿಕಟ್ಟು ಸೋಲುತ್ತದೆ.

ಕೆಲವರು ಹೇಳುತ್ತೀರಿ: "ಇಷ್ಟೆಲ್ಲ ರಗಳೆ ಯಾಕೆ, ಒಂದು ಹಳೇ ಪಿಯಾನೋನೇ ತಗೊಂಡುಬಿಡೋಣ." ತಾಳಿ. ಅಪ್‌ರೈಟ್ ಒಂದು ಸಾಮಾನ್ಯವಾಗಿ 200 ಕಿಲೋ ದಾಟುತ್ತದೆ. ಒಳಗೆ ಸುಮಾರು 230 ತಂತಿಗಳು ಒಟ್ಟು ಹದಿನೆಂಟು ಇಪ್ಪತ್ತು ಟನ್ನಿನ ಎಳೆತದಲ್ಲಿ ನಿಂತಿರುತ್ತವೆ. ವರ್ಷಕ್ಕೆರಡು ಸಲ ಶ್ರುತಿ ಮಾಡಿಸಬೇಕು, ಮಾಡುವವರು ಬೆಂಗಳೂರಿನಲ್ಲೇ ಬೆರಳೆಣಿಕೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇನ್ನೊಂದು ಸಂಕಟ. ಮಳೆಗಾಲದ ತೇವಕ್ಕೆ ಫೆಲ್ಟು ಊದಿಕೊಂಡು ಕೀಗಳು ಇಳಿದಲ್ಲೇ ನಿಲ್ಲುತ್ತವೆ, ತಂತಿ ತುಕ್ಕು ಹಿಡಿಯುತ್ತದೆ. ಬೆಂಗಳೂರಿನ ದಂಡುಪ್ರದೇಶದ ಹಳೆಯ ಮನೆಗಳಿಂದ ಅಗ್ಗಕ್ಕೆ ಬರುವ ಪಿಯಾನೋಗಳಲ್ಲಿ ಬಹಳಷ್ಟರ ಪಿನ್ನುಗಳು ಶ್ರುತಿ ಹಿಡಿದಿಡಲಾರವು. ಇವತ್ತು ಶ್ರುತಿ ಮಾಡಿಸಿದರೆ ಮುಂದಿನ ವಾರ ಸಡಿಲ. ಹೊರಗೆ ತೇಗದ ಮೆರುಗು, ಹಿತ್ತಾಳೆಯ ಮೇಣದಬತ್ತಿ ಹಿಡಿಕೆ, ಒಳಗೆ ಇಲಿ ಕಚ್ಚಿದ ಫೆಲ್ಟ್. ಇಂಥದ್ದಕ್ಕಿಂತ ಒಂದು ಸಾಧಾರಣ ಡಿಜಿಟಲ್ ನೂರು ಪಾಲು ವಾಸಿ. ಅದರ ಕಾಯಿಲೆಗಳು ಸಣ್ಣವು. ಧೂಳು ಕೂತರೆ ಒಂದೆರಡು ಕೀ ಇದ್ದಕ್ಕಿದ್ದಂತೆ ಕಿರುಚುತ್ತವೆ, ಒಳಗಿನ ರಬ್ಬರ್ ಸಂಪರ್ಕ ಪಟ್ಟಿ ಸ್ವಚ್ಛ ಮಾಡಿದರೆ ಅಥವಾ ಬದಲಿಸಿದರೆ ಸರಿಹೋಗುತ್ತದೆ. ನುಡಿಸದಿದ್ದಾಗ ಮೇಲೊಂದು ಹತ್ತಿ ಬಟ್ಟೆ ಮುಚ್ಚಿಡಿ.

ನಾನಿರುವ ಊರು ಮೈಸೂರು. ಇಲ್ಲಿ ಪಿಯಾನೋ ಎಂದರೆ ಅರಮನೆಯ ವಸ್ತು ಎಂಬ ಭಾವನೆ ಇವತ್ತಿಗೂ ಇದೆ, ಅದಕ್ಕೆ ಕಾರಣವೂ ಇದೆ. ಮಹಾರಾಜ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೋ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದವರು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಸಂಗೀತ ರಚನಕಾರ ಮೆಡ್ಟ್‌ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟದ್ದು ಅವರೇ. ಮೆಡ್ಟ್‌ನರ್ ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಇವತ್ತು ಕುವೆಂಪುನಗರದ ಎರಡು ಬೆಡ್‌ರೂಮಿನ ಮನೆಯಲ್ಲಿ 12 ಕಿಲೋದ ಡಿಜಿಟಲ್ ಇಟ್ಟುಕೊಂಡು ಆಟೋ ಚಾಲಕರ ಮಗಳು ಬಾಖ್ ನುಡಿಸುತ್ತಾಳೆ. ಅಗ್ಗದ ಆಕ್ಷನ್ ಬಗ್ಗೆ ನಾನು ಎಷ್ಟೇ ಗೊಣಗಿದರೂ ಈ ಕಾರಣಕ್ಕೆ ಅದರ ಮೇಲೆ ನನಗೆ ಗೌರವವಿದೆ.

ಹಾಗಾದರೆ ಲೆಕ್ಕ ಹೀಗೆ. ಈಗ ಹ್ಯಾಮರ್ ಆಕ್ಷನ್ನಿನ ಅಗ್ಗದ್ದನ್ನೇ ಕೊಳ್ಳಿ. ಉಳಿದ ಹಣ ಬ್ಯಾಂಕಿನಲ್ಲಿರಲಿ. ಮಗು ಗ್ರೇಡ್ 5 ಮುಗಿಸಿ, ನೀವು ಹೇಳದೆಯೇ ದಿನಾ ಕೂರುತ್ತಿದ್ದರೆ, ಆಗ ಮುಂದಿನದರ ಮಾತಾಡೋಣ. ಅದು ಉದ್ದ ಕೀಯ, ಮರದ ಕೀಯ ಮೇಲ್ದರ್ಜೆಯ ಡಿಜಿಟಲ್ ಆಗಬಹುದು, ಅನುಕೂಲವಿದ್ದರೆ ಒಳ್ಳೆಯ ಅಪ್‌ರೈಟ್ ಆಗಬಹುದು. ಮೊದಲೇ ಎರಡು ಲಕ್ಷ ಸುರಿದು, ಎರಡು ವರ್ಷಕ್ಕೆ ಮಗು ಬ್ಯಾಡ್ಮಿಂಟನ್ ಕಡೆ ಹೋದರೆ, ಆ ಪಿಯಾನೋ ಇಸ್ತ್ರಿ ಬಟ್ಟೆ ಪೇರಿಸುವ ಜಾಗವಾಗುತ್ತದೆ. ಅಗ್ಗದ್ದನ್ನು ಅಷ್ಟೊತ್ತಿಗೆ ಮಾರಲು ತೊಂದರೆಯಿಲ್ಲ, ಮುಂದಿನ ಬ್ಯಾಚಿನ ಯಾರಾದರೂ ಕಾದಿರುತ್ತಾರೆ.

ಒಂದು ಷರತ್ತು ಮಾತ್ರ ಇದೆ, ಅದು ಹಣದ್ದಲ್ಲ. ಮನೆಯಲ್ಲಿ ಡಿಜಿಟಲ್ ಇರುವ ಮಗುವಿನ ಬೆರಳು ತಿಂಗಳಿಗೆ ಒಂದೆರಡು ಸಲವಾದರೂ ತಂತಿಯ ಪಿಯಾನೋ ಮುಟ್ಟಬೇಕು. ಗ್ರೇಡ್ 3ರ ನಂತರ ಇದು ಕಡ್ಡಾಯ ಎಂದೇ ತಿಳಿಯಿರಿ. ಎಸೆದ ಸುತ್ತಿಗೆ ವಾಪಸು ಬೀಳುವುದು, ಪೆಡಲ್ ಒತ್ತಿದಾಗ ಎಲ್ಲ ತಂತಿಗಳೂ ಒಟ್ಟಿಗೆ ಮಿಡಿಯುವುದು, ಒಳಗಡೆ ಒತ್ತಿದರೂ ಕೀ ಮುನಿಸಿಕೊಳ್ಳದಿರುವುದು, ಇವೆಲ್ಲ ಹೇಳಿಕೊಟ್ಟು ಬರುವಂಥವಲ್ಲ.

ಪಿಯಾನೋ ಎಲ್ಲಿದೆ ಅನ್ನುತ್ತೀರಾ? ನಮ್ಮ ಊರುಗಳ ಹಳೆಯ ಶಾಲೆಗಳ ಸಭಾಂಗಣಗಳಲ್ಲಿ, ಚರ್ಚುಗಳಲ್ಲಿ, ಕ್ಲಬ್ಬುಗಳಲ್ಲಿ ಇದೆ. ಬೀಗ ಹಾಕಿ, ಮೇಲೆ ಹೂಕುಂಡ ಇಟ್ಟು, ವಾರ್ಷಿಕೋತ್ಸವಕ್ಕೊಮ್ಮೆ ತೆರೆಯುತ್ತಾರೆ. ನಾನೊಬ್ಬಳು ಕೇಳಿದರೆ "ಮೇಡಂ, ಹಾಳಾದರೆ ಯಾರು ಹೊಣೆ" ಅನ್ನುತ್ತಾರೆ. ಇಪ್ಪತ್ತು ಜನ ತಂದೆತಾಯಿ ಸೇರಿ, ಶ್ರುತಿ ಮಾಡಿಸುವ ಖರ್ಚು ನಾವು ಹಂಚಿಕೊಳ್ಳುತ್ತೇವೆ, ಶನಿವಾರ ಮಧ್ಯಾಹ್ನ ಎರಡು ಗಂಟೆ ಮಕ್ಕಳಿಗೆ ಬಿಟ್ಟುಕೊಡಿ ಎಂದು ಬರೆದುಕೊಟ್ಟರೆ ಮಾತು ಬೇರೆಯಾಗುತ್ತದೆ. ಅರ್ಜಿಯನ್ನು ನಾನೇ ಬರೆದಿಟ್ಟಿದ್ದೇನೆ. ದಸರಾ ರಜೆ ಮುಗಿದು ಮೊದಲ ಕ್ಲಾಸಿಗೆ ಮಗುವನ್ನು ಬಿಡಲು ಬಂದಾಗ ಐದು ನಿಮಿಷ ಒಳಗೆ ಬನ್ನಿ, ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ.

ಇಂತಿ,
ನಿಮ್ಮ ಮಕ್ಕಳ ಪಿಯಾನೋ ಮಿಸ್
ಮೈಸೂರು